ವಿಚಾರಣೆಗೆ ಮುನ್ನವೇ ಶಿಕ್ಷೆ: ತುರ್ತುಪರಿಸ್ಥಿತಿಯ ಪಾಠ ಮತ್ತು ಇಂದಿನ ಬಂಧನಗಳು

1977ರ ಮಾರ್ಚಿಯಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಾದ್ಯಂತ ಕಾಂಗ್ರೆಸ್ ಪಕ್ಷ ಕೊಚ್ಚಿಹೋಯಿತು. ಕರ್ನಾಟಕದಲ್ಲಿ ಮಾತ್ರ 28 ಕ್ಷೇತ್ರಗಳ ಪೈಕಿ 26ರಲ್ಲಿ ಅದೇ ಪಕ್ಷ ಗೆದ್ದಿತು. ಉಳಿದ ಎರಡು ಕ್ಷೇತ್ರಗಳಲ್ಲಿ ಒಂದು ಬೆಂಗಳೂರು ದಕ್ಷಿಣ. ಮತ್ತೊಂದು ನಮ್ಮ ಹಾಸನ. ಬೆಂಗಳೂರು ದಕ್ಷಿಣದಿಂದ ಆಯ್ಕೆಯಾದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1973ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ನೇಮಕ ಮಾಡುವಾಗ ಹಿರಿತನವನ್ನು ಕಡೆಗಣಿಸಿ ಮೂವರು ನ್ಯಾಯಮೂರ್ತಿಗಳನ್ನು ದಾಟಿಹೋಗಲಾಗಿತ್ತು. ಆ ಮೂವರಲ್ಲಿ ಅವರೊಬ್ಬರು, ಅದನ್ನು ಪ್ರತಿಭಟಿಸಿ ರಾಜೀನಾಮೆಯಿತ್ತವರು. ಹಾಸನದಿಂದ ಗೆದ್ದವರು ಜನತಾ ಕೂಟದ ಎಸ್. ನಂಜೇಶಗೌಡರು. ರಾಜ್ಯವೆಲ್ಲ ಒಂದು ಕಡೆ ವಾಲಿದಾಗ ಹಾಸನದ ಮತದಾರರು ಬೇರೆ ದಾರಿ ಹಿಡಿದುದಕ್ಕೆ ಹಲವು ಸ್ಥಳೀಯ ಕಾರಣಗಳಿರಬಹುದು. ಆದರೆ ಈ ಜಿಲ್ಲೆಯ ಹೊಳೆನರಸೀಪುರದ ಶಾಸಕರೂ ವಿಧಾನಸಭೆಯ ವಿರೋಧ ಪಕ್ಷದ ನಾಯಕರೂ ಆಗಿದ್ದ ಎಚ್.ಡಿ. ದೇವೇಗೌಡರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಲಾಗಿತ್ತೆಂಬುದು ಆ ಕಾರಣಗಳ ಸಾಲಿನಲ್ಲಿ ಇಲ್ಲದಿರಲು ಸಾಧ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ.

ಈ ಹಳೆಯ ಸಂಗತಿಯನ್ನು ಈಗ ನೆನೆಯಲು ಕಾರಣವಿದೆ. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಸಂವಿಧಾನದ 130ನೆಯ ತಿದ್ದುಪಡಿ ಮಸೂದೆಯನ್ನು ಮಂಡಿಸಲಾಯಿತು. ಐದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧದ ಆರೋಪದ ಮೇಲೆ ಪ್ರಧಾನಿ, ಮುಖ್ಯಮಂತ್ರಿ ಅಥವಾ ಮಂತ್ರಿ ಸತತ 30 ದಿನ ಬಂಧನದಲ್ಲಿದ್ದರೆ 31ನೆಯ ದಿನ ಸ್ಥಾನ ಕಳೆದುಕೊಳ್ಳಬೇಕೆಂಬುದು ಅದರ ತಿರುಳು. ಮಸೂದೆಯನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಭ್ರಷ್ಟರು ಸೆರೆಮನೆಯಿಂದ ರಾಜ್ಯಭಾರ ಮಾಡಬಾರದೆಂಬ ಮಾತು ಕೇಳಲು ಹಿತವಾಗಿದೆ. ಮಠದ ಅಂಗಳದಲ್ಲಿ ಸದ್ಭಕ್ತರ ನಡುವೆ ಈ ಬಗ್ಗೆ ಮಾತು ಬಂದಾಗಲೂ ಹೆಚ್ಚಿನವರು ಮಸೂದೆಯ ಪರವಾಗಿಯೇ ತಲೆದೂಗುವುದನ್ನು ಕಂಡಿದ್ದೇನೆ. ಬಂಧನ ಎಂಬುದು ತೀರ್ಪಲ್ಲ, ಅದು ತನಿಖೆಯ ಒಂದು ಹಂತ ಮಾತ್ರ ಎಂಬ ಒಂದು ಸಣ್ಣ ಅಂಶ ಆ ತಲೆದೂಗುವಿಕೆಯಲ್ಲಿ ಕಳೆದುಹೋಗುತ್ತದೆ. ಆದುದರಿಂದಲೇ ಈ ಲೇಖನ. ಮಠದ ಪುಟದಲ್ಲಿ ಪಕ್ಷ ರಾಜಕಾರಣಕ್ಕೆ ಎಡೆಯಿಲ್ಲ. ಮನುಷ್ಯನ ಸ್ವಾತಂತ್ರ್ಯದ ಪ್ರಶ್ನೆಗೆ ಎಡೆಯಿರಲೇಬೇಕು. ಕಲ್ಯಾಣದಲ್ಲಿ ಹರಳಯ್ಯ ಮಧುವರಸರಿಗೆ ಪ್ರಭುತ್ವ ವಿಧಿಸಿದ ಶಿಕ್ಷೆಯನ್ನು ಎಂಟು ಶತಮಾನಗಳಿಂದ ಮರೆಯದೆ ಬಂದ ಸಮಾಜ ನಮ್ಮದು.

1975ರ ಜೂನ್ 25ರ ರಾತ್ರಿ ಆಂತರಿಕ ಕ್ಷೋಭೆಯ ಕಾರಣವೊಡ್ಡಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನ ಬೆಳಗ್ಗೆ ಬೆಂಗಳೂರಿನಲ್ಲಿ ಬಂಧಿತರಾದವರಲ್ಲಿ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಇದ್ದರು. ಪಕ್ಷಾಂತರ ನಿಷೇಧ ಕುರಿತ ಸಂಸದೀಯ ಸಮಿತಿಯ ಕೆಲಸಕ್ಕಾಗಿ ಅವರು ನಮ್ಮ ರಾಜಧಾನಿಗೆ ಬಂದಿದ್ದರು. ಸಂಸತ್ತಿನ ಕೆಲಸಕ್ಕೆ ಬಂದವರನ್ನು ಸಂಸತ್ತೇ ಕೇಳಲಾಗದ ಕಾರಣಕ್ಕೆ ಹಿಡಿದದ್ದು ಹೀಗೆ. ಸಮಾಜವಾದಿಗಳಾದ ಜೆ.ಎಚ್. ಪಟೇಲರು, ಸಂಸ್ಥಾ ಕಾಂಗ್ರೆಸ್ಸಿನ ರಾಮಕೃಷ್ಣ ಹೆಗಡೆಯವರು, ಅಂದು ತರುಣರಾಗಿದ್ದ ಬಿ.ಎಸ್. ಯಡಿಯೂರಪ್ಪನವರು, ಹೀಗೆ ಮುಂದೆ ಮುಖ್ಯಮಂತ್ರಿಗಳಾದ ಹಲವರು ಆ ಕಾಲದಲ್ಲಿ ಸೆರೆವಾಸ ಕಂಡವರೇ. ಒಬ್ಬರಿಗೊಬ್ಬರ ಸಿದ್ಧಾಂತದಲ್ಲಿ ಅಜಗಜಾಂತರ. ಗೋಡೆ ಮಾತ್ರ ಒಂದೇ. ಇವರನ್ನು ಒಳಗಿಟ್ಟ ರಾಜ್ಯ ಸರಕಾರದ ಮುಖ್ಯಮಂತ್ರಿ ಡಿ. ದೇವರಾಜ ಅರಸು ಭೂಸುಧಾರಣೆಯಿಂದ ಲಕ್ಷಾಂತರ ಗೇಣಿದಾರರ ಬಾಳಿಗೆ ಬೆಳಕಾದವರು ಎಂಬುದನ್ನೂ ಇಲ್ಲಿ ಹೇಳಬೇಕು. ಒಳ್ಳೆಯ ಕೆಲಸ ಮಾಡಿದ ಸರಕಾರವೂ ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಬಲ್ಲದು.

ಬಳಸಿದ ಕಾನೂನುಗಳು ಎರಡು: ಆಂತರಿಕ ಭದ್ರತಾ ಸಂರಕ್ಷಣಾ ಕಾಯ್ದೆ, ಅಂದರೆ ಜನರ ಬಾಯಲ್ಲಿ ‘ಮೀಸಾ’, ಮತ್ತು ಭಾರತ ರಕ್ಷಣಾ ನಿಯಮಗಳು. ತುರ್ತುಪರಿಸ್ಥಿತಿಯ ಅತಿರೇಕಗಳ ವಿಚಾರಣೆ ನಡೆಸಿದ ಶಾ ಆಯೋಗದ ಲೆಕ್ಕದಂತೆ ಮೀಸಾದಡಿ 34,988 ಮಂದಿ, ರಕ್ಷಣಾ ನಿಯಮಗಳಡಿ 75,818 ಮಂದಿ ಬಂಧಿತರಾದರು. ಮೀಸಾಕ್ಕೆ ಮಾಡಿದ ತಿದ್ದುಪಡಿಯೊಂದರಂತೆ ಬಂಧನದ ಕಾರಣವನ್ನು ಬಂಧಿತನಿಗಷ್ಟೇ ಅಲ್ಲ, ನ್ಯಾಯಾಲಯಕ್ಕೂ ತಿಳಿಸಬೇಕಾಗಿರಲಿಲ್ಲ. ‘ಏಕೆ ಹಿಡಿದಿರಿ?’ ಎಂಬ ಪ್ರಶ್ನೆಯನ್ನೇ ಕಾನೂನಿನಿಂದ ಅಳಿಸಿಹಾಕಲಾಗಿತ್ತು.

ಆದರೂ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಪ್ರಶ್ನೆ ಕೇಳಿತು. ವಾಜಪೇಯಿ, ಆಡ್ವಾಣಿ ಮೊದಲಾದವರ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿಗಳು ಅಲ್ಲಿ ದಾಖಲಾದವು. ಮೂಲಭೂತ ಹಕ್ಕುಗಳೇ ಅಮಾನತಿನಲ್ಲಿರುವಾಗ ಇಂಥ ಅರ್ಜಿಯನ್ನು ಆಲಿಸುವ ಅಧಿಕಾರವೇ ನ್ಯಾಯಾಲಯಕ್ಕಿಲ್ಲವೆಂದು ಸರಕಾರ ವಾದಿಸಿತು. ನಮ್ಮ ಉಚ್ಚ ನ್ಯಾಯಾಲಯ ಆ ಆಕ್ಷೇಪವನ್ನು ಒಪ್ಪಲಿಲ್ಲ. ದೇಶದ ಇನ್ನೂ ಹಲವು ಉಚ್ಚ ನ್ಯಾಯಾಲಯಗಳೂ ಹೀಗೆಯೇ ನಡೆದುಕೊಂಡವು. ಮುಂದಿನದು ಕಹಿ. 1976ರಲ್ಲಿ ದೇಶದಾದ್ಯಂತ 16 ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಯಿತು. ಕರ್ನಾಟಕದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋಗಬೇಕಾಯಿತು.

ಉಚ್ಚ ನ್ಯಾಯಾಲಯಗಳ ಈ ತೀರ್ಮಾನಗಳ ವಿರುದ್ಧದ ಮೇಲ್ಮನವಿಗಳನ್ನು ಸುಪ್ರೀಂ ಕೋರ್ಟು ಒಟ್ಟಾಗಿ ಆಲಿಸಿತು. ಜಬಲ್‌ಪುರ ಪ್ರಕರಣವೆಂದೇ ಅದು ಹೆಸರಾಗಿದೆ. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಇಲ್ಲವೆಂಬ ಅರ್ಥದ ಉತ್ತರವನ್ನು ಅಟಾರ್ನಿ ಜನರಲ್ ನಿರೇನ್ ಡೇ ಕೊಟ್ಟರು. 1976ರ ಏಪ್ರಿಲ್ 28ರ ತೀರ್ಪಿನಲ್ಲಿ ಐವರ ಪೈಕಿ ನಾಲ್ವರು ಸರಕಾರದ ವಾದವನ್ನು ಎತ್ತಿಹಿಡಿದರು. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮುಂದಿನ ಜನವರಿಯಲ್ಲಿ ಅವರಿಗೆ ಸಲ್ಲಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಕಿರಿಯರಾದ ಎಂ.ಎಚ್. ಬೇಗ್ ಅವರಿಗೆ ಹೋಯಿತು. ಖನ್ನಾ ರಾಜೀನಾಮೆ ಕೊಟ್ಟರು. ಆ ಬಹುಮತದ ತೀರ್ಪು ಅಧಿಕೃತವಾಗಿ ರದ್ದಾಗಲು 41 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್, ಹಳೆಯ ಬಹುಮತದಲ್ಲಿದ್ದವರಲ್ಲಿ ಒಬ್ಬರು ಅವರ ತಂದೆ ವೈ.ವಿ. ಚಂದ್ರಚೂಡ್.

1976ರ ಆ ತೀರ್ಪು ಬಂದ ನಂತರದ ತಿಂಗಳುಗಳಲ್ಲಿ ಬೆಂಗಳೂರಿನ ಸೆರೆಮನೆಯ ಹೆಂಗಸರ ವಿಭಾಗದಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ ಕಲಾವಿದೆ ಎಂದರೆ ಹಿರಿಯ ಓದುಗರಿಗೆ ನೆನಪಾದೀತು. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ, ಜಾರ್ಜ್ ಫರ್ನಾಂಡಿಸರ ಸ್ನೇಹಿತೆಯೆಂಬ ಕಾರಣಕ್ಕೆ, 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿಯಲಾಯಿತು. ಅವರಿಗೆ ತೀವ್ರ ಆಸ್ತಮಾ ಇತ್ತು. ಎಂಟು ತಿಂಗಳ ಸೆರೆವಾಸದಲ್ಲಿ ತಕ್ಕ ಚಿಕಿತ್ಸೆ ಸಿಗಲಿಲ್ಲ. ರಾತ್ರಿಯ ನೀರವದಲ್ಲಿ ಅವರ ಕೂಗು ಕೇಳಿಸುತ್ತಿತ್ತೆಂದು ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆ ಮುಂದೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಡುಗಡೆಯಾದರು, 20ರಂದು ತೀರಿಕೊಂಡರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಜಾರ್ಜ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರಿಗೆ ಬೆಂಗಳೂರಿನ ಪೊಲೀಸರ ವಶದಲ್ಲಿ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಅವರ ತಾಯಿ ರಾಷ್ಟ್ರಪತಿಯವರಿಗೆ ಪತ್ರ ಬರೆದರು. ಕರುಣೆ, ದಯೆ ಎಂದು ನಾವು ದಿನವೂ ಉಚ್ಚರಿಸುವ ಪದಗಳಿಗೆ ಸೆರೆಮನೆಯ ಒಳಗೆ ಏನು ಅರ್ಥವೆಂದರೆ, ಉಸಿರಾಡಲಾಗದವಳಿಗೆ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದು. ಅಷ್ಟು ಮಾತ್ರ.

ಆ ಹಳೆಯ ಸೆರೆಮನೆ ಈಗ ಸ್ವಾತಂತ್ರ್ಯ ಉದ್ಯಾನವಾಗಿದೆ. ಬೆಂಗಳೂರಿನಲ್ಲಿ ಧರಣಿ ಕೂರುವವರಿಗೆ ಪೊಲೀಸರು ತೋರುವ ಜಾಗವೂ ಅದೇ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಒಂದು ಪಕ್ಷದ ದೋಷಾರೋಪಣೆಯಾದೀತು. ಕಥೆಯ ಉಳಿದರ್ಧ ಹಾಸನದ ಗಡಿಯಾಚೆ, ಚಿಕ್ಕಮಗಳೂರಿನಲ್ಲಿ ನಡೆಯಿತು. ಅಧಿಕಾರಕ್ಕೆ ಬಂದ ಜನತಾ ಸರಕಾರ 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿಯವರನ್ನು ಬಂಧಿಸಿತು. ಬಂಧನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಮರುದಿನವೇ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. 1978ರ ನವೆಂಬರಿನಲ್ಲಿ, ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಕ್ಷೇತ್ರದಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಹೋದರು. ಡಿಸೆಂಬರ್ 19ರಂದು ಹಕ್ಕುಚ್ಯುತಿಯ ಹೆಸರಿನಲ್ಲಿ ಅದೇ ಲೋಕಸಭೆ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ತಿಹಾರ್ ಸೆರೆಮನೆಗೆ ಕಳಿಸಿತು. ಸುಮಾರು ಎರಡು ವರ್ಷದ ಹಿಂದೆ ತಾವೇ ಸೆರೆಯಿಂದ ಹೊರಬಂದಿದ್ದವರು ಹಾಗೆ ಮತ ಹಾಕಿದರು. ನ್ಯಾಯಾಲಯದಲ್ಲಿ ವಿಚಾರಣೆಯಿಲ್ಲ, ಬಹುಮತವೇ ತೀರ್ಪು. ಎರಡು ತಿಂಗಳೂ ಕಳೆಯುವ ಮುನ್ನ ಮಲೆನಾಡಿನ ಮತದಾರರು ಆರಿಸಿದ ಪ್ರತಿನಿಧಿ ಇಲ್ಲವಾದರು. 1981ರಲ್ಲಿ, ಅವರು ಮತ್ತೆ ಪ್ರಧಾನಿಯಾದ ಮೇಲೆ, ಲೋಕಸಭೆ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಜನತಾ ಸರಕಾರದ ನಿಜವಾದ ಸಾಧನೆ ಬೇರೆ ಕಡೆ ಇದೆ: ಮೀಸಾ ರದ್ದಾಯಿತು, 1978ರ 44ನೆಯ ತಿದ್ದುಪಡಿ ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದಾಗಿಸಿತು, ಜೀವ ಮತ್ತು ಸ್ವಾತಂತ್ರ್ಯದ 21ನೆಯ ವಿಧಿಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತುಗೊಳಿಸದಂತೆ ಮಾಡಿತು. ಆದರೆ ಅದೇ ತಿದ್ದುಪಡಿಯ ಒಂದು ಭಾಗ, ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಮುನ್ನೆಚ್ಚರಿಕೆಯ ಬಂಧನದಲ್ಲಿಡಬಹುದಾದ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ ಭಾಗ, ಇಂದಿಗೂ ಜಾರಿಗೆ ಬಂದಿಲ್ಲ. ಆಮೇಲೆ ಬಂದ ಯಾವ ಪಕ್ಷದ ಸರಕಾರವೂ ಅದನ್ನು ಜಾರಿಗೆ ತರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಸರ್ವಪಕ್ಷ ಒಮ್ಮತ ನಮ್ಮ ದೇಶದಲ್ಲಿ ಅಪರೂಪ.

ಇಂದು ಯಾರೂ ತುರ್ತುಪರಿಸ್ಥಿತಿ ಘೋಷಿಸಬೇಕಾಗಿಲ್ಲ. ಸಾಧನ ಬದಲಾಗಿದೆ. ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೆಯ ಕಲಮಿನಂತೆ, ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ಜಾಮೀನು. ಅಂದರೆ ವಿಚಾರಣೆ ಆರಂಭವಾಗುವ ಮೊದಲೇ ನಿರಪರಾಧಿತ್ವವನ್ನು ಹೆಚ್ಚೂಕಡಿಮೆ ಸ್ಥಾಪಿಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು ಇದನ್ನು ಅಸಿಂಧುಗೊಳಿಸಿತ್ತು. ಮರುವರ್ಷ ಸಂಸತ್ತು ತಿದ್ದುಪಡಿಯ ಮೂಲಕ ಮರಳಿ ತಂದಿತು. 2022ರ ಜುಲೈ 27ರಂದು ನ್ಯಾಯಾಲಯ ಎತ್ತಿಹಿಡಿಯಿತು. ಫಲವೇನು? 2025ರ ಮಾರ್ಚಿಯಲ್ಲಿ ಕೇಂದ್ರ ಸರಕಾರವೇ ರಾಜ್ಯಸಭೆಗೆ ಕೊಟ್ಟ ಉತ್ತರದಂತೆ, ಹಿಂದಿನ ಹತ್ತು ವರ್ಷಗಳಲ್ಲಿ ಜಾರಿ ನಿರ್ದೇಶನಾಲಯವು ರಾಜಕಾರಣಿಗಳ ವಿರುದ್ಧ ದಾಖಲಿಸಿದ ಪ್ರಕರಣಗಳು 193, ಶಿಕ್ಷೆಯಾದುದು 2ರಲ್ಲಿ. ದೆಹಲಿಯ ಉಪಮುಖ್ಯಮಂತ್ರಿಯಾಗಿದ್ದ ಮನೀಶ್ ಸಿಸೋಡಿಯಾ 17 ತಿಂಗಳು ಸೆರೆಯಲ್ಲಿದ್ದು 2024ರ ಆಗಸ್ಟಿನಲ್ಲಿ ಜಾಮೀನು ಪಡೆದರು. ಆಗ ವಿಚಾರಣೆ ಆರಂಭವೇ ಆಗಿರಲಿಲ್ಲ. ನಮ್ಮ ರಾಜ್ಯದ ಡಿ.ಕೆ. ಶಿವಕುಮಾರ್ 2019ರ ಸೆಪ್ಟೆಂಬರ್ 3ರಂದು ಬಂಧಿತರಾಗಿ ಸುಮಾರು 50 ದಿನ ಬಂಧನದಲ್ಲಿದ್ದರು. 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಆ ಪ್ರಕರಣವನ್ನೇ ರದ್ದುಗೊಳಿಸಿತು. ಮುಡಾ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಪತ್ನಿಗೆ ಕೊಟ್ಟ ಸಮನ್ಸನ್ನು ಉಚ್ಚ ನ್ಯಾಯಾಲಯ ರದ್ದುಮಾಡಿದ ಮೇಲೆ ಸಲ್ಲಿಸಿದ ಮೇಲ್ಮನವಿಯನ್ನು 2025ರ ಜುಲೈನಲ್ಲಿ ತಳ್ಳಿಹಾಕುವಾಗ, ರಾಜಕೀಯ ಕದನಗಳನ್ನು ಮತದಾರರ ಮುಂದೆ ನಡೆಸಬೇಕೇ ಹೊರತು ಅದಕ್ಕೆ ತನಿಖಾ ಸಂಸ್ಥೆಯನ್ನು ಬಳಸಬಾರದೆಂದು ಮುಖ್ಯ ನ್ಯಾಯಮೂರ್ತಿಗಳೇ ಹೇಳಬೇಕಾಯಿತು.

ರಾಜ್ಯದಲ್ಲಿ ಅಧಿಕಾರ ಹಿಡಿದವರ ಕೈಯೂ ಶುದ್ಧವಾಗಿಲ್ಲ. 2024ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣಸೌಧದಲ್ಲಿ ಸಚಿವೆಯೊಬ್ಬರ ಬಗ್ಗೆ ಅವಹೇಳನಕಾರಿ ಪದ ಬಳಸಿದರೆಂಬ ದೂರಿನ ಮೇಲೆ ವಿಧಾನ ಪರಿಷತ್ ಸದಸ್ಯ ಸಿ.ಟಿ. ರವಿಯವರನ್ನು ಬಂಧಿಸಿ, ರಾತ್ರಿಯಿಡೀ ಊರಿಂದೂರಿಗೆ ವಾಹನದಲ್ಲಿ ಸುತ್ತಿಸಲಾಯಿತು. ಮರುದಿನವೇ ಉಚ್ಚ ನ್ಯಾಯಾಲಯ ಬಿಡುಗಡೆಗೆ ಆದೇಶಿಸಿತು. ಆ ಮಾತು ಆಡಿದ್ದರೆ ಅದು ಖಂಡನೀಯವೇ. ಖಂಡನೀಯ ಮಾತು ಬೇರೆ, ಮಧ್ಯರಾತ್ರಿಯ ಸವಾರಿ ಬೇರೆ. ದೆಹಲಿಯ ಬಂಧನಗಳನ್ನು ಖಂಡಿಸಿದವರು ಅಂದು ಸುಮ್ಮನಿದ್ದರು. ಅಂದು ಕೂಗೆದ್ದವರು ದೆಹಲಿಯ ಬಂಧನಗಳಿಗೆ ಪಟಾಕಿ ಹಚ್ಚಿದ್ದರು.

ಇಲ್ಲಿ ಹಾಸನದವರಾದ ನಾವು ತಪ್ಪಿಸಿಕೊಳ್ಳಲಾಗದ ಒಂದು ವಿಷಯವಿದೆ. 2024ರ ಮೇ ತಿಂಗಳಲ್ಲಿ, ಅಂದು ನಮ್ಮ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಬಂಧಿತರಾದರು. ರಾಜ್ಯದಲ್ಲಿ ಅವರದು ವಿರೋಧ ಪಕ್ಷ. ಹಾಗಾಗಿ ಇದು ರಾಜಕೀಯ ಸೇಡೆಂಬ ಮಾತು ಆಗ ಜಿಲ್ಲೆಯ ತುಂಬ ಓಡಾಡಿತು. 2025ರ ಆಗಸ್ಟ್ 1ರಂದು ಒಂದು ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವರನ್ನು ಅಪರಾಧಿಯೆಂದು ಘೋಷಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಕ್ಕು ಅವರಿಗಿದೆ, ಇರಬೇಕು. ಆದರೆ ತಾತನ ಸೆರೆವಾಸವನ್ನೂ ಮೊಮ್ಮಗನ ಸೆರೆವಾಸವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಒಂದರಲ್ಲಿ ಆರೋಪಪಟ್ಟಿಯಿರಲಿಲ್ಲ, ಸಾಕ್ಷಿಯಿರಲಿಲ್ಲ, ವಕೀಲರ ವಾದಕ್ಕೆ ಬೆಲೆಯಿರಲಿಲ್ಲ. ಇನ್ನೊಂದರಲ್ಲಿ ನೊಂದ ಹೆಣ್ಣುಮಗಳು ನ್ಯಾಯಾಲಯದಲ್ಲಿ ನಿಂತು ಹೇಳಿದಳು, ಆಕೆಯನ್ನು ಪಾಟೀಸವಾಲಿಗೆ ಒಳಪಡಿಸಲಾಯಿತು, ವಿಧಿವಿಜ್ಞಾನದ ಪುರಾವೆ ಪರಿಶೀಲನೆಯಾಯಿತು, ಆಮೇಲೆ ತೀರ್ಪು ಬಂತು. ವಿರೋಧ ಪಕ್ಷದವನೆಂಬ ಕಾರಣಕ್ಕೆ ಯಾರನ್ನೂ ಹಿಡಿಯಬಾರದು. ಅದೇ ಕಾರಣಕ್ಕೆ ಯಾರನ್ನೂ ಬಿಡಲೂ ಬಾರದು. ಖಾದಿಗೆ ಅನ್ವಯಿಸುವ ಈ ಮಾತು ಕಾವಿಗೂ ಅನ್ವಯಿಸುತ್ತದೆಂದು ಮಠದ ಕಾರ್ಯದರ್ಶಿಯಾಗಿ ನಾನು ಹೇಳಲೇಬೇಕು.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು 130ನೆಯ ತಿದ್ದುಪಡಿಯನ್ನು ಓದಿದರೆ ಅದರ ತೊಡಕು ಕಾಣುತ್ತದೆ. ಅದು ಶಿಕ್ಷೆಯನ್ನು ತೀರ್ಪಿಗೆ ಜೋಡಿಸುವುದಿಲ್ಲ, ಆರೋಪ ನಿಗದಿಗೂ ಜೋಡಿಸುವುದಿಲ್ಲ; ಬಂಧನದ ದಿನಗಳಿಗೆ ಜೋಡಿಸುತ್ತದೆ. ಜಾಮೀನನ್ನೇ ದುರ್ಲಭವಾಗಿಸಿರುವ ಕಾಯ್ದೆಗಳಡಿ 30 ದಿನ ಕಳೆಯುವುದು ಕಷ್ಟವಲ್ಲ. ಅರವಿಂದ ಕೇಜ್ರಿವಾಲರು ಮುಖ್ಯಮಂತ್ರಿಯಾಗಿಯೇ ತಿಂಗಳುಗಟ್ಟಲೆ ಸೆರೆಯಲ್ಲಿದ್ದುದು ಆಡಳಿತಕ್ಕೆ ಶೋಭೆ ತಂದಿತೆಂದು ನಾನು ಹೇಳಲಾರೆ. ಮಸೂದೆಯ ಹಿಂದಿನ ಸಿಟ್ಟು ಅರ್ಥವಾಗುವಂಥದೇ. ಬಿಡುಗಡೆಯಾದ ಮೇಲೆ ಮತ್ತೆ ನೇಮಕವಾಗಬಹುದೆಂಬ ಅವಕಾಶವೂ ಮಸೂದೆಯಲ್ಲಿದೆ. ಆದರೆ ಅಷ್ಟರಲ್ಲಿ ಸರಕಾರವೊಂದು ಉರುಳಿದ್ದರೆ ಮತ್ತೆ ನೇಮಕ ಮಾಡುವವರು ಯಾರು? ಸ್ಥಾನಚ್ಯುತಿಯನ್ನು ನ್ಯಾಯಾಲಯ ಆರೋಪ ನಿಗದಿ ಮಾಡುವ ಹಂತಕ್ಕೆ ಜೋಡಿಸಿದ್ದರೆ ನನ್ನಂಥವನ ಆಕ್ಷೇಪ ಬಹುಪಾಲು ಕರಗುತ್ತಿತ್ತು. ನ್ಯಾಯಾಧೀಶನೊಬ್ಬ ಕಡತವನ್ನು ಓದಿ, ಎರಡೂ ಕಡೆಯ ಮಾತು ಕೇಳಿ, ಮೇಲ್ನೋಟಕ್ಕೆ ಪ್ರಕರಣವಿದೆಯೆಂದು ಹೇಳಿದ ಮೇಲಿನ ಕ್ರಮ ಅದಾಗುತ್ತಿತ್ತು. ಈಗಿನ ರೂಪದಲ್ಲಿ ಆ ಕೀಲಿ ತನಿಖಾಧಿಕಾರಿಯ ಕೈಯಲ್ಲಿದೆ.

ದೊಡ್ಡವರ ವಿಷಯ ನಮಗೇಕೆ ಎನ್ನುವವರುಂಟು. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಆನೆ ಹಾವಳಿಗೆ ರಸ್ತೆ ತಡೆದವನ ಮೇಲೂ, ಎತ್ತಿನಹೊಳೆಯ ಕಾಮಗಾರಿಯನ್ನು ಪ್ರಶ್ನಿಸಿ ಗುಂಪು ಕೂಡಿದವನ ಮೇಲೂ ಮೊಕದ್ದಮೆ ಹೂಡಲು ಕಾನೂನಿನಲ್ಲಿ ಕಲಮುಗಳಿವೆ. ಅವನಿಗೆ ದೆಹಲಿಯ ಹಿರಿಯ ವಕೀಲರು ಸಿಗುವುದಿಲ್ಲ. ಇದೇ ಸೀಮೆಯ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು 1802ರ ಫೆಬ್ರವರಿಯಲ್ಲಿ ಕಂಪನಿಯ ಪಡೆ ಹಿಡಿದ ಬೆನ್ನಿಗೇ ಗಲ್ಲಿಗೇರಿಸಿದಾಗ ಕೇಳುವವರಿರಲಿಲ್ಲ. ಈಗ ಕೇಳಲು 22ನೆಯ ವಿಧಿಯಿದೆ: ಬಂಧನದ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಕೀಲರನ್ನು ಕಾಣಲು ಬಿಡಬೇಕು.

2022ರ ರಾಷ್ಟ್ರೀಯ ಅಂಕಿಅಂಶದಂತೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ನಾಲ್ಕರಲ್ಲಿ ಮೂವರು. ಅವರಲ್ಲಿ ಬಹುಪಾಲು ಯಾವ ಪಕ್ಷದವರೂ ಅಲ್ಲ. ಜಾಮೀನು ಸಿಕ್ಕರೂ ಭದ್ರತೆ ಒದಗಿಸಲಾಗದೆ ಒಳಗೇ ಉಳಿದವರುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆಂದೂ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ತಮ್ಮ ಮೇಲಿನ ಆರೋಪದ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನರಾಗಿ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳನ್ನು ಎದುರಿಸುತ್ತಿರುವವರಿಗೂ ಇದು ಅನ್ವಯಿಸದು. ಅರ್ಜಿ ಹಾಕಬೇಕಾದ ಹೊಣೆ ಸೆರೆಮನೆಯ ಅಧೀಕ್ಷಕರದೇ. ಭಕ್ತರ ಬಂಧುಬಳಗದಲ್ಲಾಗಲಿ, ತೋಟದ ಕೂಲಿಕಾರ ಕುಟುಂಬಗಳಲ್ಲಾಗಲಿ ಅಂಥವರಿದ್ದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಬಂಧನದಲ್ಲಿರುವವರಿಗೆ ಅಲ್ಲಿ ವಕೀಲರ ನೆರವು ಉಚಿತ. ಅರ್ಜಿ ಬರೆಯಲು ತಿಳಿಯದವರು ಮಠದ ಕಚೇರಿಗೆ ಬಂದರೆ ಬರೆದುಕೊಡುತ್ತೇವೆ.